ಅಡುಗೆಮನೆ ಕಿಟಕಿಯ ಧ್ರುವ

ನಮ್ಮಮ್ಮನ ಬಳಿ ಒಂದು ಗೋಣಿಚೀಲವಿತ್ತು. ಅದರೊಳಗೆ ತವರಿನವರು ಮದುವೆಯಲ್ಲಿ ಕೊಟ್ಟ ಹಿತ್ತಾಳೆ ಪಾತ್ರೆಗಳು. ಮೈಸೂರು ಬಿಟ್ಟು ಮುಂಬಯಿಗೆ ಬರುವಾಗ ಬಾಯಿಗೆ ಬಿಗಿದ ಹುರಿಯನ್ನು ಆಕೆ ಮತ್ತೆ ಬಿಚ್ಚಿರಲಿಲ್ಲ. ಈ ಊರಿನಲ್ಲಿ ಬಾಡಿಗೆ ಕರಾರು ಹನ್ನೊಂದು ತಿಂಗಳಿಗೆ ಮಾತ್ರ. ಅದಕ್ಕಿಂತ ಹೆಚ್ಚು ದಿನ ಬಿಟ್ಟರೆ ಬಾಡಿಗೆಯವರು ಬೇರು ಬಿಟ್ಟಾರು ಎಂದು ಮಾಲೀಕರಿಗೆ ದಿಗಿಲು. ಹೀಗಾಗಿ ಕಾಂದಿವಲಿಯ ಚಾಳಿನ ಒಂದು ಕೋಣೆ, ಅಲ್ಲಿಂದ ಘಾಟ್ಕೋಪರ್, ಅಲ್ಲಿಂದ ಅಪ್ಪನ ಫ್ಯಾಕ್ಟರಿಯಿದ್ದ ವಿಕ್ರೋಳಿ ಎಂದು ನಾವು ಅಲೆದೆವು. ಪ್ರತಿ ಸಲವೂ ಅಮ್ಮ ತುಳಸಿ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಲೋಕಲ್ ರೈಲಿನಲ್ಲಿ ಕೂರುತ್ತಿದ್ದಳು. ಚೀಲ ಬಿಚ್ಚು ಎಂದರೆ, "ಬಿಚ್ಚಿ ಏನ್ ಮಾಡ್ಲಿ? ಮತ್ತೆ ಕಟ್ಟೋಳು ನಾನೇ ತಾನೆ?" ಎನ್ನುತ್ತಿದ್ದಳು. ನನಗೆ ಆ ಚೀಲ ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಅರವತ್ತರ ದಶಕ ಮುಗಿಯುತ್ತಿದ್ದಾಗ ಗ್ರಾಂಟ್ ರೋಡ್ ಹತ್ತಿರದ ಒಂದು ಕಾಲೇಜಿನಲ್ಲಿ ನನಗೆ ಭೌತಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಕೆಲಸ ಸಿಕ್ಕಿತು. ಅದರ ತಾರಸಿಯ ಮೇಲೆ ತಗಡಿನ ಗುಮ್ಮಟ, ಗುಮ್ಮಟದೊಳಗೆ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ಟೆಲಿಸ್ಕೋಪು. ಆಳುದ್ದ ಮೀರಿದ ಹಿತ್ತಾಳೆ ಕೊಳವೆ, ತುದಿಯಲ್ಲಿ ದೊಡ್ಡ ಮಸೂರ. ಈಗಿನವುಗಳ ಹಾಗೆ ಕನ್ನಡಿಯಲ್ಲ, ಬರೀ ಗಾಜು. ನಮ್ಮ ಪ್ರೊಫೆಸರು ಮೈಸೂರಿನವರು. ವಿದ್ಯಾರ್ಥಿಗಳ ಮೇಲೆ ಸಿಡಿಯುವವರು, ಆ ಟೆಲಿಸ್ಕೋಪಿನ ಮುಂದೆ ಮಾತ್ರ ಬೆಣ್ಣೆ. ಗುಮ್ಮಟವನ್ನು ಹಗ್ಗ ಎಳೆದು ತಿರುಗಿಸುವ ಕೆಲಸ ವಿಜಾಪುರದ ಕಡೆಯ ಪ್ಯೂನ್ ಒಬ್ಬರದು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. "ಗೋಳಗುಮ್ಮಟದ ಊರಾಂವ್ ನಾ. ಈ ತಗಡ ಯಾವ ಲೆಕ್ಕರೀ?" ಎಂದು ನಕ್ಕು ಹಗ್ಗ ಜಗ್ಗುತ್ತಿದ್ದರು.

ಅಂಥ ಟೆಲಿಸ್ಕೋಪು ಓರೆಯಾದ ಒಂದು ಉಕ್ಕಿನ ಅಚ್ಚಿನ ಸುತ್ತ ತಿರುಗುತ್ತದೆ. ಅಚ್ಚು ಧ್ರುವದ ಕಡೆಗೆ ನೆಟ್ಟಗೆ ಮುಖ ಮಾಡಿರಬೇಕು. ಸ್ವಲ್ಪ ತಪ್ಪಿದರೂ, ನೋಡುತ್ತಿರುವ ಗ್ರಹ ಕಣ್ಣೆದುರಿನಿಂದ ಜಾರಿಹೋಗುತ್ತದೆ. ನಮ್ಮದನ್ನು ಮಾಡಿದ್ದು ಇಂಗ್ಲೆಂಡಿನ ಆಕಾಶಕ್ಕೆ. ಅಲ್ಲಿ ಧ್ರುವ ನಕ್ಷತ್ರ ಎತ್ತರದಲ್ಲಿ, ಮುಂಬಯಿಯಲ್ಲಿ ಅದು ಕಟ್ಟಡಗಳ ನೆತ್ತಿಗೆ ತಾಗುವಷ್ಟು ತಗ್ಗಿನಲ್ಲಿ. ಹಾಗಾಗಿ ಯಾರೋ ಹಿಂದಿನವರು ಕಬ್ಬಿಣದ ಕಂಬದ ಮೇಲೆ ಸಾಗುವಾನಿಯ ದೊಡ್ಡ ಬೆಣೆ ಕೂರಿಸಿ ಅಚ್ಚನ್ನು ಬಗ್ಗಿಸಿದ್ದರು. ಮಳೆಗಾಲ ಬಂತೆಂದರೆ ಆ ಮರ ಉಬ್ಬಿ ಅಚ್ಚು ದಿಕ್ಕು ತಪ್ಪುತ್ತಿತ್ತು. ಪ್ರತಿ ವರ್ಷ ಆಯುಧಪೂಜೆಯ ಸಂಜೆ ಪ್ರೊಫೆಸರು ಕೊಳವೆಗೆ ಕುಂಕುಮವಿಟ್ಟು, ಧ್ರುವ ನಕ್ಷತ್ರವನ್ನು ಹಿಡಿದು, ತಿರುಪು ತಿರುಗಿಸುತ್ತ ಅಚ್ಚನ್ನು ಸರಿಪಡಿಸುತ್ತಿದ್ದರು. ಚಾಚಾನಿಗೂ ನನಗೂ ಕಡಲೆ ಉಸಲಿ.

ಅಷ್ಟರಲ್ಲಿ ಕಾಲೇಜಿನ ಉತ್ತರಕ್ಕೆ, ಗಲ್ಲಿಯಾಚೆ, ಸರಿಯಾಗಿ ಧ್ರುವ ನಕ್ಷತ್ರಕ್ಕೆ ಅಡ್ಡವಾಗಿ ಒಂದು ಬಿಲ್ಡಿಂಗು ಏಳತೊಡಗಿತು. ಅದೇ ಹೊತ್ತಿಗೆ ಅಪ್ಪ ಮನೆಗೆ ಪೇಡೆ ತಂದರು. ಅದೇ ಬಿಲ್ಡಿಂಗಿನ ಏಳನೆಯ ಮಹಡಿಯಲ್ಲಿ, ಕಾಲೇಜಿನ ಕಡೆಗೆ ಮುಖ ಮಾಡಿದ ಒಂದು ಕೋಣೆ, ಒಂದು ಅಡುಗೆಮನೆ ನಮ್ಮ ಹೆಸರಿಗೆ ಬುಕ್ ಆಗಿತ್ತು. ಅಪ್ಪ ಪ್ಲಾನು ಹಾಸಿಕೊಂಡು ಕುಳಿತರು. ಅಮ್ಮ ಪೇಡೆ ಬಾಯಿಗಿಟ್ಟುಕೊಂಡು, "ಕೀಲಿ ಕೈಗೆ ಬರ್ಲಿ, ಆಮೇಲೆ ನಂಬ್ತೀನಿ" ಎಂದಳು.

ನನಗೆ ನಿದ್ದೆ ಹತ್ತಲಿಲ್ಲ. ಮರುದಿನವೇ ತಾರಸಿಗೆ ಹೋಗಿ ಪ್ರೊಫೆಸರಿಗೆ ಹೇಳಿಬಿಟ್ಟೆ. ಅವರು ಬಿಲ್ಡಿಂಗಿನ ಕಡೆ ನೋಡಿದರು, ನನ್ನನ್ನು ನೋಡಿದರು.

"ಅಂದ್ರೆ, ನನ್ನ ಧ್ರುವನ ಮೇಲೆ ನಿಮ್ಮಮ್ಮ ಒಗ್ಗರಣೆ ಹಾಕ್ತಾರೆ ಅನ್ನು."

ಒಂದು ವಾರ ಅವರು ನನ್ನೊಂದಿಗೆ ಕೆಲಸವಿದ್ದಷ್ಟೇ ಮಾತಾಡಿದರು. ಅವರ ಸಂಕಟ ನನಗೆ ಗೊತ್ತಿತ್ತು. ಧ್ರುವ ಮರೆಯಾದರೆ ಮುಂದಿನ ಮಳೆಗಾಲದ ನಂತರ ಅಚ್ಚು ಸರಿಪಡಿಸುವುದು ಹೇಗೆ? ಬೇರೆ ನಕ್ಷತ್ರಗಳನ್ನು ಗಂಟೆಗಟ್ಟಲೆ ಕಾದು ನೋಡಿ ಸರಿಮಾಡುವ ದಾರಿಯಿದೆ, ಆದರೆ ಅದಕ್ಕೆ ಬೇಕಾದ ಕಣ್ಣು ಅವರಿಗೆ ಉಳಿದಿರಲಿಲ್ಲ. ನನಗೆ ಆ ಪಳಗಿದ ಕೈ ಇರಲಿಲ್ಲ. ಟೆಲಿಸ್ಕೋಪು ಕೆಲಸಕ್ಕೆ ಬಾರದು ಎಂದಾದರೆ ಗುಮ್ಮಟ ಕಿತ್ತು ಅಲ್ಲಿ ನೀರಿನ ಟ್ಯಾಂಕು ಕೂರಿಸಲು ಕಾಲೇಜಿನವರು ತುದಿಗಾಲಲ್ಲಿ ನಿಂತಿದ್ದರು. ನಮಗೆ ಮನೆಯಾದರೆ ಅವರ ಟೆಲಿಸ್ಕೋಪು ಹೋಗುತ್ತದೆ. ಮನೆ ಬೇಡವೆನ್ನಲು ನನ್ನ ನಾಲಿಗೆ ಹೊರಳುತ್ತಿರಲಿಲ್ಲ, ಬೇಕೆಂದು ಕುಣಿಯಲೂ ಮನಸ್ಸು ಒಪ್ಪುತ್ತಿರಲಿಲ್ಲ.

ಆ ವರ್ಷದ ಆಯುಧಪೂಜೆಗೆ ಧ್ರುವ ಇನ್ನೂ ಕಾಣುತ್ತಿತ್ತು, ಅಚ್ಚು ಸರಿಯಾಗಿ ಕೂತಿತು. ಚಳಿಗಾಲದಲ್ಲಿ ಏಳನೆಯ ಮಹಡಿಗೆ ಸ್ಲ್ಯಾಬ್ ಹಾಕಿದರು, ಧ್ರುವ ಅದರ ಹಿಂದೆ ಮರೆಯಾಯಿತು. ಅಂದು ಸಂಜೆ ಪ್ರೊಫೆಸರು ಗುಮ್ಮಟದ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಒಳಗೇ ಕೂತಿದ್ದರು. ಹೊರಗೆ ಬಂದಾಗ ಮುಖದಲ್ಲಿ ಏನೋ ಗೆಲುವು.

"ಹಳೇ ಕಾಲದ ವೀಕ್ಷಣಾಲಯಗಳಲ್ಲಿ ಒಂದು ಪದ್ಧತಿ ಇತ್ತಮ್ಮ," ಎಂದರು. "ದೂರದಲ್ಲೊಂದು ಕಲ್ಲಿನ ಕಂಬ ನಿಲ್ಲಿಸೋರು. ರಾತ್ರಿ ಅದರ ಮೇಲೆ ದೀಪ. ಟೆಲಿಸ್ಕೋಪು ಸರಿಯಾಗಿದೆಯೋ ಇಲ್ಲವೋ ಅಂತ ಅದನ್ನ ನೋಡಿ ತಿಳ್ಕೊಳ್ಳೋರು. ನಮ್ಮ ಅಚ್ಚು ಈಗ ಸರಿಯಾಗಿದೆ. ಅದು ತೋರಿಸೋ ಜಾಗದಲ್ಲಿ ಒಂದು ಗುರುತು ಸಿಕ್ಕಿಬಿಟ್ರೆ ಆಯ್ತು. ಮುಂದೆ ಆ ಗುರುತೇ ಧ್ರುವ."

ಅಚ್ಚು ತೋರಿಸುತ್ತಿದ್ದುದು ನಮ್ಮ ಅಡುಗೆಮನೆಯ ಕಿಟಕಿಯನ್ನು!

ಆದರೆ ಮಳೆ ಹಿಡಿಯುವ ಮುನ್ನ, ಮರ ಉಬ್ಬುವ ಮುನ್ನ ಗುರುತು ಮಾಡಬೇಕಿತ್ತು. ಬಿಲ್ಡರನೋ ಇವತ್ತು ನಾಳೆ ಎನ್ನುತ್ತ ಕೀಲಿ ಕೊಡುವುದನ್ನು ಮುಂದೂಡುತ್ತಿದ್ದ. ಬೀಗ ಹಾಕಿದ ಮಹಡಿಗೆ ಯಾರನ್ನೂ ಬಿಡುತ್ತಿರಲಿಲ್ಲ. ಅಪ್ಪನಿಗಿಂತ ಹೆಚ್ಚಾಗಿ ಪ್ರೊಫೆಸರೇ ಚಡಪಡಿಸಿದರು. ಮೇ ಕೊನೆಗೆ ಕೀಲಿ ಸಿಕ್ಕಿತು. ಕರೆಂಟು ಬಂದಿರಲಿಲ್ಲ. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಹಾಲು ಉಕ್ಕಿಸಿದ ಸಂಜೆಯೇ ನಾನು, ಪ್ರೊಫೆಸರು, ಚಾಚಾ ಗುಮ್ಮಟದಲ್ಲಿ, ಅಪ್ಪ ಅಮ್ಮ ಕಿಟಕಿಯಲ್ಲಿ. ಅಮ್ಮ ದೇವರ ದೀಪವನ್ನೇ ಕಿಟಕಿಯಲ್ಲಿ ಹಿಡಿಯಲಿ ಎಂದು ಅಪ್ಪ ಹೇಳಿದ್ದರು. ಅಮ್ಮ ಕಿಟಕಿಯಿಂದಲೇ ಕೂಗಿದಳು:

"ದಕ್ಷಿಣಕ್ಕೆ ಮುಖ ಮಾಡಿ ದೀಪ ಹಚ್ಚಲ್ಲ ನಾನು! ಹೊಸ ಮನೇಲಿ ಮೊದಲ ದಿನವೇ ಯಮನಿಗೆ ದಾರಿ ತೋರಿಸ್ಲಾ?"

ಹಟ ಬಂದರೆ ಅಮ್ಮನನ್ನು ಅಲುಗಿಸುವವರಿಲ್ಲ. ನಾನು ಹಲ್ಲು ಕಡಿದೆ. ಪ್ರೊಫೆಸರು ಮಾತ್ರ ತಲೆದೂಗಿದರು. "ತಾಯಿ ಹೇಳೋದು ಸರಿ. ನಮ್ಮನೇಲೂ ಹಚ್ಚಲ್ಲ. ಲಾಂದ್ರ ಹಿಡೀಲಿ, ಅದಕ್ಕೆ ಮುಖವೂ ಇಲ್ಲ ಬೆನ್ನೂ ಇಲ್ಲ."

ಚಾಚಾ ಕೊರಳೆತ್ತಿ ಆ ಮಾತನ್ನು ಗಲ್ಲಿ ದಾಟಿಸಿದರು. ಅಪ್ಪ ಕೆಳಗಿನ ವಾಚ್‌ಮನ್‌ನಿಂದ ಲಾಂದ್ರ ತಂದರು. ಅಷ್ಟು ಹತ್ತಿರದ್ದು ದೊಡ್ಡ ಮಸೂರಕ್ಕೆ ಹಿಡಿಯುವುದಿಲ್ಲ. ಕೊಳವೆಯ ಬೆನ್ನ ಮೇಲಿನ ಚಿಕ್ಕ ದುರ್ಬೀನಿಗೆ ಪ್ರೊಫೆಸರು ಕಣ್ಣಿಟ್ಟರು. ಕೊಳವೆಯನ್ನು ಅಚ್ಚಿನ ಸುತ್ತ ತಿರುಗಿಸಿದಾಗ ಉಳಿದದ್ದೆಲ್ಲ ಸುತ್ತಬೇಕು, ಲಾಂದ್ರ ಮಾತ್ರ ನಡುವೆ ನಿಲ್ಲಬೇಕು.

"ಅವ್ವಾ, ಜರಾ ಬಾಜೂಕ ಸರೀರಿ! ಹಾಂ, ಥೋಡಾ ಮ್ಯಾಲ! ಬಸ್, ಬಸ್! ಅಲ್ಲೇ ನಿಂದರ್‍ರಿ!"

ಸುತ್ತಲಿನ ಬಾಲ್ಕನಿಗಳೆಲ್ಲ ತುಂಬಿಹೋದವು. ಲಾಂದ್ರ ನಿಂತ ಕಡೆ ಅಪ್ಪ ಕಿಟಕಿಯ ಸರಳಿಗೆ ತಂತಿಯ ಕೊಕ್ಕೆ ಬಿಗಿದರು. ಕೆಲವೇ ದಿನಗಳಲ್ಲಿ ಮಳೆ ಹಿಡಿದುಕೊಂಡಿತು.

ಆ ಮಳೆಗಾಲವಿಡೀ ಕೊಕ್ಕೆಗೆ ಮಸಿಬಟ್ಟೆ ನೇತುಹಾಕಲು ಅಮ್ಮ ಯಾರನ್ನೂ ಬಿಡಲಿಲ್ಲ. ಗೋಣಿಚೀಲ ಮಾತ್ರ ಹೊಸ ಮನೆಯ ಮೂಲೆಯಲ್ಲೂ ಹಾಗೆಯೇ ಕೂತಿತ್ತು. ಸ್ವಂತ ಮನೆಯಲ್ಲವೇ ಎಂದರೆ, "ನೋಡೋಣ" ಎನ್ನುತ್ತಿದ್ದಳು.

ಆಯುಧಪೂಜೆ ಬಂತು. ಮನೆಗೆ ಕರೆಂಟು ಬಂದಿದ್ದರೂ ಕೊಕ್ಕೆಗೆ ಅದೇ ಲಾಂದ್ರ ತೂಗುಹಾಕಿ, ಅಪ್ಪನನ್ನು ಕಾವಲಿಗೆ ನಿಲ್ಲಿಸಿ, ಅಮ್ಮ ನನ್ನೊಂದಿಗೆ ಕಾಲೇಜಿನ ಮೆಟ್ಟಿಲು ಹತ್ತಿದಳು. ಅಚ್ಚು ದಿಕ್ಕು ತಪ್ಪಿತ್ತು. ಪ್ರೊಫೆಸರು ಲಾಂದ್ರವನ್ನು ಹಿಡಿದು, ತಿರುಪು ತಿರುಗಿಸಿ ತಿರುಗಿಸಿ ಕೊನೆಗೊಮ್ಮೆ ನಿಟ್ಟುಸಿರು ಬಿಟ್ಟರು. ಅವರ ಕಣ್ಣು ತುಂಬಿತ್ತು. "ಬನ್ನಿ ತಾಯಿ, ಗುರುವನ್ನ ತೋರಿಸ್ತೀನೋ ಚಂದ್ರನ್ನ ತೋರಿಸ್ತೀನೋ, ಹೇಳಿ" ಎಂದರು.

"ನಮ್ಮನೆ ತೋರಿಸಿ ಮೇಷ್ಟ್ರೇ."

ಅಮ್ಮ ಚಿಕ್ಕ ದುರ್ಬೀನಿಗೆ ಕಣ್ಣಿಟ್ಟಳು. ಅದರಲ್ಲಿ ಎಲ್ಲವೂ ತಲೆಕೆಳಗೆ. "ಅಯ್ಯೋ, ಇವರು ಬಾವಲಿ ಹಾಗೆ ನೇತಾಡ್ತಿದಾರೆ!" ಎಂದು ನಕ್ಕಳು. ಪ್ರೊಫೆಸರು ಮೆಲ್ಲಗೆ ಕೊಳವೆಯನ್ನು ತಿರುಗಿಸಿದರು, ಅಮ್ಮ ಹೆಜ್ಜೆ ಸರಿಸುತ್ತ ಜೊತೆಗೇ ಸುತ್ತಿದಳು. ಅವಳ ಕಣ್ಣಲ್ಲಿ ಬಿಲ್ಡಿಂಗು ಸುತ್ತಿತು, ಕಿಟಕಿ ಸುತ್ತಿತು, ಅಪ್ಪನೂ ಸುತ್ತಿದರು. ಅವಳ ನಗು ನಿಂತಿತು.

"ದೀಪ ಅಲ್ಲಾಡ್ತಾನೇ ಇಲ್ವಲ್ಲೇ" ಎಂದಳು.

"ಅದು ಅಲ್ಲಾಡಲ್ಲ ತಾಯಿ. ಇನ್ನು ಅದನ್ನ ಅಲ್ಲಿಂದ ತೆಗೀಬಾರ್ದು."

"ಹನ್ನೊಂದು ತಿಂಗಳು ಆದ್ಮೇಲೂ?"

ಪ್ರೊಫೆಸರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. "ಆಮೇಲೂ ಅಮ್ಮ" ಎಂದೆ.

ಮನೆಗೆ ಬಂದವಳು ಸೀರೆಯ ಸೆರಗು ಸಿಕ್ಕಿಸಿಕೊಂಡು ಮೂಲೆಯ ಗೋಣಿಚೀಲದ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಹುರಿಯ ಗಂಟು ಕಲ್ಲಾಗಿತ್ತು. ಉಗುರಿನಿಂದ ಬರಲಿಲ್ಲ, ಹಲ್ಲಿನಿಂದಲೂ ಬರಲಿಲ್ಲ. "ಈಳಿಗೆಮಣೆ ತಾರೇ" ಎಂದಳು.

ತಂದುಕೊಟ್ಟೆ. ಅಮ್ಮ ಹುರಿಯನ್ನು ಕೊಯ್ದು ಹಾಕಿದಳು.