ಅವ್ವನ ಹಲ್ಲುಪುಡಿ

ಮಾರ್ಚ್ ೯, ಸೋಮವಾರ, ಬೆಳಿಗ್ಗೆ ೬.೪೦.

ಅವ್ವಾ, ಕೂರಿಸಿದ ಹಲ್ಲು ನಿಲ್ಲದೆ ಹೋದದ್ದು ನಿನ್ನ ಎಲುಬಿನ ದೋಷ ಎಂದು ನೀನು ನಂಬಿದ್ದೀಯ. ಡಾಕ್ಟರಿಂದ ಒಂದು ಮಾತು ಮುಚ್ಚಿಟ್ಟವಳು ನಾನು.

ಐದು ವರ್ಷದ ಹಿಂದೆ ಕಂಪ್ಲಿಯವರು ನನ್ನನ್ನು ನೋಡಲು ಬಂದಾಗ ನೀನು ನಕ್ಕಾಗಲೆಲ್ಲ ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಮುಂದಿನ ಎರಡು ಹಲ್ಲು ಇರಲಿಲ್ಲ. ನನಗೆ ನಾಚಿಕೆಯಾಯಿತು — ನಿನಗಾಗಿ ಅಲ್ಲ, ನನಗಾಗಿ.

ಮದುವೆಗೆ ಇನ್ನೊಂದು ವರ್ಷವಿತ್ತು. ಹೊಸಪೇಟೆಯ ಹಲ್ಲಿನ ಡಾಕ್ಟರು, ದವಡೆ ಸವೆದಿದೆ, ಎಲುಬು ತುಂಬಿಸಿ ಅದು ಕೂಡಿಕೊಂಡ ಮೇಲೆ ಇಂಪ್ಲಾಂಟ್, ಅಂದರೆ ಎಲುಬಿಗೇ ನೆಡುವ ಕೃತಕ ಹಲ್ಲು, ಕೂರಿಸಬೇಕು ಎಂದರು. "ತಂಬಾಕಿದ್ರ ಮೊದ್ಲು ಬಿಡಿಸಬೇಕ್ರಿ. ಇಲ್ಲಾಂದ್ರ ತುಂಬಿಸಿದ ಎಲುಬು ನಿಲ್ಲಂಗಿಲ್ಲ. ತಂಬಾಕು ತಿಂತೀರೇನಮ್ಮ?"

"ಅಯ್ಯ, ಇಲ್ರಿ. ಬಾಯಾಗ ಹಲ್ಲ ಇಲ್ಲ, ಏನ್ ಅಗೀಲ್ರಿ!" ಎಂದು ನೀನು ನಕ್ಕೆ. ಅವರೂ ನಕ್ಕರು.

ನೀನು ಸುಳ್ಳು ಹೇಳಲಿಲ್ಲ. ಹಂಚಿನ ಮೇಲೆ ತಂಬಾಕು ಹುರಿದು ಪುಡಿ ಮಾಡಿ ದಿನಾ ಎರಡು ಹೊತ್ತು ಒಸಡಿಗೆ ತಿಕ್ಕುವುದು ನಮ್ಮ ಓಣಿಯ ಹೆಂಗಸರಿಗೆ ಹಲ್ಲುಜ್ಜುವುದಷ್ಟೇ. ನನಗೆ ಗೊತ್ತಿತ್ತು. ಹೇಳಿದ್ದರೆ ತಡವಾಗುತ್ತಿತ್ತು, ಮದುವೆಯ ಫೋಟೋದಲ್ಲಿ ನೀನು ಸೆರಗು ಮುಚ್ಚಿಕೊಂಡೇ — ಅದಕ್ಕೇ ನಾನು ಹೇಳಲಿಲ್ಲ. ಮನೆಗೆ ಬಂದ ಮೇಲೂ ಪುಡಿ ಬಿಡು ಎನ್ನಲಿಲ್ಲ. ಎಂದರೆ ನೀನು ಯಾಕೆಂದು ಕೇಳುತ್ತಿದ್ದೆ.

ಮದುವೆಯ ಹೊತ್ತಿಗೆ ಎರಡೂ ಹಲ್ಲು ಕೂತಿದ್ದವು. ಆ ಫೋಟೋದಲ್ಲಿ ನೀನು ಬಾಯ್ತುಂಬ ನಗುತ್ತಿದ್ದೀಯ. ನಾನು ಅದನ್ನು ನೋಡುವುದಿಲ್ಲ.

ಹೋದ ತಿಂಗಳು ಹಲ್ಲು ಅಲುಗಾಡಿ ಎರಡನ್ನೂ ತೆಗೆಯಬೇಕಾಯಿತು. ತುಂಬಿಸಿದ ಎಲುಬು ಕರಗಿತ್ತು. ಸಕ್ಕರೆ ಕಾಯಿಲೆಯೇ, ಸ್ವಚ್ಛತೆ ಸಾಲದೆ ಹೋಯಿತೇ ಎಂದು ಡಾಕ್ಟರು ಒಂದೊಂದೇ ಕಾರಣ ಹುಡುಕಿದರು. "ನನ್ನ ಎಲುಬಾ ಗಟ್ಟಿ ಇಲ್ರಿ. ನೀವೇನ್ ಮಾಡ್ತೀರಿ" ಎಂದು ನೀನೇ ಅವರನ್ನು ಸಮಾಧಾನ ಮಾಡಿದೆ. ಆಗಲೂ ನಾನು ಬಾಯಿ ಬಿಡಲಿಲ್ಲ. ಊರಿಗೆ ಮರಳುವ ಪಾಪಿನಾಯಕನಹಳ್ಳಿಯ ಬಸ್ಸಿನಲ್ಲಿ ಸೆರಗು ಮತ್ತೆ ನಿನ್ನ ಬಾಯಿಗೆ ಬಂತು.

ಪುಡಿಯೊಂದೇ ಕಾರಣವೋ, ನನಗೆ ತಿಳಿಯದು. ಹೇಳಬೇಕಾದಾಗ ಹೇಳಲಿಲ್ಲ, ಅದು ತಿಳಿದಿದೆ.

ತವರಿಗೆ ಬಂದು ಇಂದಿಗೆ ಮೂರು ದಿನ. ಹಿತ್ತಲಲ್ಲಿ ನೀನು ಹಲ್ಲು ತಿಕ್ಕುವ ಸದ್ದು ಕೇಳುತ್ತಿದೆ. ಮೊದಲಿಗಿಂತ ಹೆಚ್ಚು ಹೊತ್ತು ತಿಕ್ಕುತ್ತೀಯ — ಉಳಿದ ಹಲ್ಲಾದರೂ ಗಟ್ಟಿ ಇರಲಿ ಎಂದು. ಒಳಗೆ ಬಂದ ಕೂಡಲೇ ಇದನ್ನು ಓದಿ ಹೇಳುತ್ತೇನೆ. ಆಮೇಲೆ ಇಬ್ಬರೂ ಡಾಕ್ಟರ ಹತ್ತಿರ ಹೋಗೋಣ, ಅಲ್ಲಿ ನಾನೇ ಮಾತಾಡುತ್ತೇನೆ.

ಇದನ್ನು ಎಲ್ಲರೂ ಓದುವಂತೆ ಫೋನಿನಲ್ಲೂ ಹಾಕುತ್ತಿದ್ದೇನೆ. ಓದುವವರಲ್ಲಿ ಯಾರಾದರೂ ಬಲ್ಲವರಿದ್ದರೆ — ಪುಡಿ ಬಿಟ್ಟ ಮೇಲೆ, ಒಮ್ಮೆ ಕರಗಿದ ಜಾಗದಲ್ಲಿ ಮತ್ತೆ ಎಲುಬು ತುಂಬಿಸಿ ಹಲ್ಲು ನಿಂತದ್ದುಂಟೇ? ದಯವಿಟ್ಟು ಬರೆಯಿರಿ. ಇಲ್ಲ ಎಂದಾದರೂ ಬರೆಯಿರಿ. ಈ ಸಲ ಅವ್ವನಿಂದ ಏನನ್ನೂ ಮುಚ್ಚಿಡುವುದಿಲ್ಲ.