ಹಸಿದವಳಿಗೆ ಹಚ್ಚಿದ ರೋಗ

ನನ್ನ ನಾದಿನಿಗೆ ಯಾವ ರೋಗವೂ ಇರಲಿಲ್ಲ. ಹಸಿವಾಗಿತ್ತು, ಬಿದ್ದಳು. ಅಷ್ಟೇ. ಮುಂದೆ ಬೇರೊಂದು ಮನೆ ಸೇರಿ ನಾಲ್ಕು ಹೆತ್ತಳು, ಹೊಲದಲ್ಲಿ ಗಂಡಸರ ಸಮ ದುಡಿದಳು. ಮತ್ತೊಮ್ಮೆ ಬಿದ್ದದ್ದನ್ನು ಯಾರೂ ನೋಡಿಲ್ಲ. ಅವತ್ತು ರೋಗವಿದ್ದದ್ದು ಉಳಿದ ನಮಗೆ. ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು, ದೊಡ್ಡ ಮಾತು ಬರುವುದಿಲ್ಲ. ನೋಡಿದ್ದನ್ನು ಬರೆಯುತ್ತೇನೆ.

ನಮ್ಮ ಕಡೆಯ ಜಿಲ್ಲೆಗಳು ಮುಂಬಯಿ ಬಿಟ್ಟು ಮೈಸೂರಿಗೆ ಸೇರಿ ಮೂರ್ನಾಲ್ಕು ವರ್ಷವಾಗಿತ್ತು. ಕಚೇರಿಗಳಲ್ಲಿ ಮರಾಠಿ ಹಿಂದೆ ಸರಿದು ಕನ್ನಡಕ್ಕೆ ಬೆಲೆ ಬಂದಿತ್ತು. ಅದರಲ್ಲೂ ಧಾರವಾಡದ ಕನ್ನಡಕ್ಕೆ. ಅಲ್ಲಿಯವರು ಸೀನಿದರೂ ನಾಜೂಕು ಎಂದು ನಮ್ಮ ಅತ್ತೆ ನಂಬಿದ್ದರು. ಅಂಥ ಧಾರವಾಡದಿಂದ ಒಬ್ಬ ಹುಡುಗನ ಮನೆಯವರು ನಾದಿನಿಯನ್ನು ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ಹುಡುಗ ಕಚೇರಿಯಲ್ಲಿ ಕಾರಕೂನ. ಅವನ ಅಪ್ಪ ಅವ್ವ ಎಂಟು ವರ್ಷದ ಹಿಂದೆ ಶಿರಗುಪ್ಪಿಯಲ್ಲಿ ಎತ್ತು ಹೂಡುತ್ತಿದ್ದವರು. ಅದನ್ನು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ನಮ್ಮದು ಬೆಂಗೇರಿ. ಮಾವನದು ಅರಳೆ ವ್ಯಾಪಾರ. ಮನೆಯವರೆಲ್ಲ ಕೊರಳಲ್ಲಿ ಲಿಂಗ ಕಟ್ಟಿದವರು. ಸ್ನಾನ ಮಾಡಿ, ಹಣೆಗೆ ವಿಭೂತಿ ಧರಿಸಿ, ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡುವ ತನಕ ಬಾಯಿಗೆ ನೀರೂ ಹಾಕಬಾರದೆಂಬುದು ನಿಯಮ. ನಿಯಮವನ್ನು ಮನೆಯಲ್ಲಿ ಎಲ್ಲರೂ ಒಪ್ಪಿದ್ದರು. ಪಾಲಿಸುವ ಕೆಲಸವನ್ನು ಮಾತ್ರ ಹುಡುಗಿಗೆ ಬಿಟ್ಟಿದ್ದರು.

ಅವರು ಬರುವ ರವಿವಾರ ಬೆಳಿಗ್ಗೆ ಅತ್ತೆ ಮಗಳಿಗೆ ಹೇಳಿದರು: "ಬೀಗರು ಬಂದ ಮ್ಯಾಲೇನ ಪೂಜಿಗೆ ಕೂಡ್ರು. ಅವರು ನೋಡಬೇಕು. ಅಲ್ಲೀತನಕ ಒಂದ ಗುಟುಕು ನೀರ ಸೈತ ಇಲ್ಲ, ತಿಳೀತಿಲ್ಲೋ?"

"ನೀ?"

"ನನಗ ಪಿತ್ತ ಐತವ್ವಾ, ನನ್ನ ಮಾತು ಬಿಡು."

ಪಿತ್ತಕ್ಕೆ ಎರಡು ರೊಟ್ಟಿ, ಬೆಣ್ಣೆ. ಮಾವ ಪೇಟೆಗೆ ಹೋಗಿ ಬರುತ್ತೇನೆಂದು ಹೋಗಿ ಬಾಯಿ ಒರೆಸಿಕೊಳ್ಳುತ್ತ ಬಂದರು. ನಾನು? ಹೋಳಿಗೆಯ ಹೂರಣಕ್ಕೆ ಬೆಲ್ಲ ಸರಿಯಾಗಿದೆಯೋ ಇಲ್ಲವೋ ಯಾರಾದರೂ ನೋಡಬೇಕಲ್ಲ. ನಾಲ್ಕು ಸಲ ನೋಡಿದೆ. ನಾದಿನಿ ಹಿಂದಿನ ರಾತ್ರಿಯೇ ಗಾಬರಿಗೆ ಉಂಡಿರಲಿಲ್ಲ. ಬೆಳಿಗ್ಗೆ ತಣ್ಣೀರು ಸುರುವಿಕೊಂಡು, ಒದ್ದೆ ಹೆರಳು ಕಟ್ಟಿಕೊಂಡು, ಮೂಲೆಯಲ್ಲಿ ಕೂತು ನಾಜೂಕಿನ ಮಾತು ಬಾಯಿಪಾಠ ಮಾಡುತ್ತಿದ್ದಳು.

ಬಂದವರು ಹನ್ನೊಂದಕ್ಕೆ ಬಂದರು. ಚಹಾ ಎಂದರೆ ಹುಡುಗನ ಅವ್ವ ಕಿವಿ ಮುಟ್ಟಿಕೊಂಡಳು.

"ಪೂಜೆ ಆಗಿಲ್ಲರೀ ಇನ್ನೂ. ನಮ್ಮಲ್ಲಿ ಅದೊಂದು ಭಾಳ ಕಟ್ಟುನಿಟ್ಟು."

"ನಮ್ಮಲ್ಲೂ ಹಂಗನ್ರಿ," ಎಂದರು ಅತ್ತೆ.

ಚಾಪೆ ಹಾಸಲು ಬಾಗಿದಾಗ ಹುಡುಗನ ಅಪ್ಪನ ಮೀಸೆಯಲ್ಲಿ ಒಗ್ಗರಣೆ ಚುರಮುರಿಯ ಒಂದು ಹಳದಿ ಕಾಳು ಕಂಡಿತು. ಬಸ್ಸಿಳಿದವರು ನೇರ ನಮ್ಮ ಮನೆಗೆ ಬಂದಿರಲಿಲ್ಲ. ಧರ್ಮ ಎದೆಯಲ್ಲಿರುತ್ತದೆ ಎನ್ನುತ್ತಾರೆ. ನಾನು ಕಂಡ ಮಟ್ಟಿಗೆ ಅದು ಎದುರಿಗೆ ಕೂತವರ ಕಣ್ಣಿನಲ್ಲಿರುತ್ತದೆ. ಅವರು ಆಚೆ ತಿರುಗಿದರೆ ಅದೂ ತಿರುಗುತ್ತದೆ.

ಎಲ್ಲರೂ ಪೂಜೆಗೆ ಕೂತರು. ದಿನಾಲೂ ಹಾಲು ಕಾಯುವಷ್ಟರಲ್ಲಿ ಮುಗಿಯುವ ಪೂಜೆ ಅವತ್ತು ಮುಗಿಯಲೇ ಇಲ್ಲ. ಮೊದಲು ಎದ್ದವನ ಭಕ್ತಿ ಕಡಿಮೆಯಾಗುತ್ತದೆ ನೋಡಿ. ಮಾವ ಒಂದು ಕಣ್ಣು ಸಣ್ಣಗೆ ತೆರೆದು ಅವರನ್ನು ನೋಡುವುದು, ಅವರು ಇನ್ನೂ ಕೂತಿದ್ದರೆ ಮತ್ತೆ ಮುಚ್ಚುವುದು. ಆ ಕಡೆಯಿಂದಲೂ ಅದೇ. ಅಂಗೈಯ ಲಿಂಗದ ಮೇಲೆ ದೃಷ್ಟಿ ಇಟ್ಟು ಕೂತದ್ದು ನಾದಿನಿ ಒಬ್ಬಳೇ. ಒಂದೂವರೆಯ ಹೊತ್ತಿಗೆ ಹುಡುಗ ಕೆಮ್ಮಿದ. ಅದೇ ನೆಪವಾಗಿ ಇಬ್ಬರು ಹಿರಿಯರೂ ಕೂಡಿಯೇ ಎದ್ದರು.

ನಾದಿನಿ ಬಂದು ಹಿರಿಯರ ಪಾದ ಮುಟ್ಟಿದಳು. ಎದ್ದು ನಿಂತಳು. ಮುಖ ಸುಣ್ಣದಂತಾಯಿತು. ಗೋಡೆಗೆ ಕೈ ಚಾಚಿದಳು, ಗೋಡೆ ಸಿಗಲಿಲ್ಲ. ಬಿದ್ದಳು.

"ಅಯ್ಯ ಶಿವನ! ಕಬ್ಬಿಣ ತರ್ರಿ, ಕೈಯಾಗ ಕಬ್ಬಿಣ ಕೊಡ್ರೆಲಾ ಹುಡುಗೀಗೆ!" ಹುಡುಗನ ಅವ್ವನ ನಾಜೂಕೆಲ್ಲ ಶಿರಗುಪ್ಪಿಗೆ ಓಡಿತ್ತು. ಸೊಂಟದ ಕೀಲಿಗೊಂಚಲು ಕಿತ್ತು ನಾದಿನಿಯ ಮುಷ್ಟಿಯಲ್ಲಿ ತುರುಕಿದಳು. ಮೂರ್ಛೆರೋಗದವರಿಗೆ ನಮ್ಮಲ್ಲಿ ಮಾಡುವುದು ಅದನ್ನೇ. ಗದ್ದಲ ಕೇಳಿ ಬಾಗಿಲಿಗೆ ಬಂದ ಓಣಿಯ ಹೆಂಗಸರು ಬೇರೆ ಏನನ್ನೂ ಕೇಳಲಿಲ್ಲ. ಕೀಲಿ ನೋಡಿದರು, ಮುಖ ಮುಖ ನೋಡಿದರು, ಹೋದರು.

ನಾನು ಅತ್ತೆಯ ಕಿವಿಯಲ್ಲಿ, "ಹಸಿವಿ ಅಂತ ಹೇಳ್ರಿ ಅತ್ತೀ," ಎಂದೆ.

"ಹಸಿವಿಗೆ ಬಿದ್ದಾಳ್ರೀ," ಎಂದರು ಅತ್ತೆ, ಕುಂಯ್ ಎನ್ನುವ ದನಿಯಲ್ಲಿ.

"ನಾವೂ ಉಪಾಸಾನ ಅದೀವಲ್ಲರೀ. ನಮಗೇನಾತು?" ಎಂದಳು ಹುಡುಗನ ಅವ್ವ.

ಅಲ್ಲಿಗೆ ಮಾತು ಮುಗಿಯಿತು. ಹಸಿವು ಹೌದೆನ್ನಬೇಕಾದರೆ ಉಳಿದವರೆಲ್ಲ ತಿಂದಿದ್ದೇವೆ ಎನ್ನಬೇಕು. ಅತ್ತೆಗೆ ಬೆಣ್ಣೆ ರೊಟ್ಟಿ ನೆನಪಾಯಿತು, ಮಾವನಿಗೆ ಪೇಟೆ, ಬಂದವರಿಗೆ ಬಸ್ ಸ್ಟ್ಯಾಂಡ್. ನನಗೆ ಹೂರಣ. ನಾನೂ ಸುಮ್ಮನಿದ್ದೆ. ಒಂದು ಹುಡುಗಿಯ ಹೆಸರಿಗಿಂತ ಆರು ಜನರ ಉಪವಾಸ ದೊಡ್ಡದಾಯಿತು.

ಬೀಗರಾಗಬೇಕಿದ್ದವರು ಊಟವನ್ನು ಮಾತ್ರ ಬಿಡಲಿಲ್ಲ. ಪ್ರಸಾದಕ್ಕೆ ಬೆನ್ನು ತೋರಿಸಬಾರದಂತೆ. ಹುಡುಗನ ಅಪ್ಪ ನಾಲ್ಕು ಹೋಳಿಗೆ ತಿಂದ, ತುಪ್ಪ ಕೇಳಿ ಹಾಕಿಸಿಕೊಂಡ. ಮೆಟ್ಟು ಹಾಕಿಕೊಳ್ಳುತ್ತ, "ಹೋಗಿ ಪತ್ರ ಬರೆಯುತ್ತೇವೆ," ಎಂದ, ಮತ್ತೆ ಅದೇ ನಾಜೂಕಿನಲ್ಲಿ.

ಒಳಕೋಣೆಯಲ್ಲಿ ನಾದಿನಿ ತಲೆ ತಗ್ಗಿಸಿ ಐದನೆಯ ಹೋಳಿಗೆ ಮುರಿಯುತ್ತಿದ್ದಳು. ಅಂಗೈಯಲ್ಲಿ ಕೀಲಿಯ ಹಲ್ಲು ಮೂಡಿತ್ತು.

"ವೈನೀ, ಖರೇನ ನನಗ ಬ್ಯಾನಿ ಐತೇನು?"

"ಹುಚ್ಚಿ. ಐದು ಹೋಳಿಗಿ ತಿಂದಾಕಿಗೆ ಎಂಥಾ ಬ್ಯಾನಿ?"

"ಮತ್ತ ಅವ್ವ ಯಾಕ ಸುಮ್ಮನಿದ್ಲು? ನೀ ಯಾಕ ಸುಮ್ಮನಿದ್ದಿ?"

ಓಣಿಯವರು ಅನ್ನುವುದು ಬೇರೆ. ಅವಳೇ ನಂಬಿಬಿಟ್ಟರೆ ಮುಗಿಯಿತು.

ಮರುದಿನ ಬೆಳಿಗ್ಗೆ ಹಾಲು ತರುತ್ತೇನೆಂದು ಹೇಳಿ ಮೊದಲ ಬಸ್ಸಿಗೆ ಧಾರವಾಡಕ್ಕೆ ಹೋದೆ. ಸೋಮವಾರ, ಶಿವನ ವಾರ, ಒಂದೇ ಹೊತ್ತು ಉಣ್ಣುವ ದಿನ. ಅವರ ಮನೆಯ ಬಾಗಿಲು ತೆರೆದೇ ಇತ್ತು. ಮೂರೂ ಜನ ಸ್ನಾನವಿಲ್ಲದ ಮೈಯಲ್ಲಿ ಉಪ್ಪಿಟ್ಟಿನ ತಾಟು ಮುಂದಿಟ್ಟುಕೊಂಡು ಕೂತಿದ್ದರು.

"ಪೂಜಿ ಆತೇನ್ರೀ ಅವ್ವಾರ?" ಎಂದೆ.

ಯಾರೂ ಅಗಿಯಲಿಲ್ಲ.

"ನಿನ್ನೆ ನಾನೂ ತಿಂದಿದ್ದೆ. ನಮ್ಮತ್ತಿ, ಮಾವನೂ ತಿಂದಿದ್ರು. ನೀವೂ ತಿಂದಿದ್ರಿ. ತಿನ್ನದಾಕಿ ಆಕಿ ಒಬ್ಬಾಕಿನ. ಹುಡುಗಿ ಬ್ಯಾಡಾದ್ರ ಬ್ಯಾಡ ಅನ್ರಿ, ನಮಗೇನೂ ಸಿಟ್ಟಿಲ್ಲ. ಬ್ಯಾನಿ ಅಂತ ಮಾತ್ರ ಎಲ್ಲೂ ಅನಬ್ಯಾಡ್ರಿ. ನೀವು ಹಂಗಂದ್ರ ನಾ ಈ ಉಪ್ಪಿಟ್ಟಿನ ಸುದ್ದಿ ಊರಿಗೆಲ್ಲಾ ಹೇಳ್ತೇನಿ."

ಹುಡುಗನ ಅಪ್ಪ ತಾಟಿನಲ್ಲಿ ಏನೋ ಹುಡುಕುತ್ತಿದ್ದ. ಹುಡುಗನ ಅವ್ವ ತನ್ನ ತಾಟು ಪಕ್ಕಕ್ಕೆ ಸರಿಸಿದಳು.

"ಅನ್ನೂದಿಲ್ಲ, ಕೂಡ್ರವಾ," ಎಂದು ಎದ್ದು ನನಗೂ ಒಂದು ತಾಟು ತಂದಿಟ್ಟಳು. ನಾನೂ ಸ್ನಾನ ಮಾಡಿರಲಿಲ್ಲ. ಉಪ್ಪು ಸ್ವಲ್ಪ ಕಡಿಮೆಯಿತ್ತು. ತಿಂದು, ಹತ್ತು ಗಂಟೆಯ ಬಸ್ಸಿಗೆ ಬಂದೆ.