ಎರಡು ಮಿಷಿನಿನ ತಾಳ

ಕೋಟದ ಪೇಟೆಯಲ್ಲಿ ರೆಕಾರ್ಡಿಂಗ್ ಮಾಡುವವನೊಬ್ಬನಿದ್ದ. ಡಿಜಿಟಲ್ ಮಿಕ್ಸರನ್ನು ಕಂಪ್ಯೂಟರಿನ ಇಂಟರ್‌ಫೇಸಿಗೆ ಜೋಡಿಸುವಾಗೆಲ್ಲ ವಯರಿನ ತುದಿಯನ್ನು ಅಂಗಿಗೆ ಒರೆಸಿ, "ಎರಡ್ ಮಿಷಿನಿಗೂ ತಾಳ ಒಂದೇ ಆಯ್ಕ್, ಇಲ್ದಿರೆ ಚಟಪಟ ಶುರು ಆತ್ತ್" ಅನ್ನುತ್ತಿದ್ದ.

ಗಂಟಲಿನ ಆಪರೇಷನ್ನಿಗೆ ಮುಂಚೆ ತಾವು ಹಾಡಿದ ಒಂದು ಪದವಾದರೂ ರೆಕಾರ್ಡಿನಲ್ಲಿ ಉಳಿಯಲಿ ಎಂದು ಯಕ್ಷಗಾನದ ಭಾಗವತರೊಬ್ಬರು ಬಂದರು. ಮದ್ದಳೆಗೆ ನಾನಿದ್ದೆ. ಅವರ ಕೆಮ್ಮು ನೋಡಿದ ಗಡಿಬಿಡಿಯಲ್ಲಿ ಅವನು ಮಿಷಿನುಗಳ ತಾಳ ಹೊಂದಿಸುವುದನ್ನೇ ಮರೆತ. ಪದ ಶುರುವಾದದ್ದೇ ಅವನ ಹೆಡ್‌ಫೋನಿನಲ್ಲಿ ಚಟ್ ಚಟ್ ಕೇಳಿತಂತೆ. ಎತ್ತಿದ ಕೈಯನ್ನು ಹಾಗೇ ಇಳಿಸಿದ. ಭಾಗವತರ ಪದವನ್ನು ನಡುವೆ ತಡೆಯುವ ಪದ್ಧತಿ ನಮ್ಮಲ್ಲಿಲ್ಲ. ಮುಗಿದ ಮೇಲೆ, "ಭಾಗವತ್ರೇ, ಇನ್ನೊಂದ್ ಸಲ ಹೇಳುಕಾತ್ತಾ?" ಎಂದು ಕೇಳಿದ. ಅವರು ಬಾಯಿ ತೆರೆದರು, ಸ್ವರ ಹೊರಡಲಿಲ್ಲ.

ಆಪರೇಷನ್ನಿನಲ್ಲಿ ಮಾತೇ ಹೋಯಿತು. ಆಮೇಲೊಂದು ದಿನ ಕೊರಳಿಗೆ ಬಟ್ಟೆ ಸುತ್ತಿಕೊಂಡು ಆ ಪದ ಕೇಳಲು ಬಂದರು. ಅವನು ಹಾಕಿದ. ಅವರ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಚಟ್ ಅಂದಾಗಲೆಲ್ಲ ತಪ್ಪಿ, ಮತ್ತೆ ಹುಡುಕಿಕೊಳ್ಳುತ್ತಿತ್ತು.

"ಸಾಕ್, ನಿಲ್ಸ್ ಮಾರಾಯ," ಎಂದು ಅವನ ಕಿವಿಯಲ್ಲಿ ಹೇಳಿದೆ.

ಅವನು ನನ್ನ ಕಡೆ ತಿರುಗಲಿಲ್ಲ. "ಪದ ಅರ್ಧಕ್ ನಿಲ್ಸುಕಾತ್ತಾ?" ಅಂದ.